ಬೈಗುಳದ ಬಾಲಪಾಠ

ಪರಭಾಷೆಯನ್ನು ಕಲಿಯಹೊರಟವರ ನಾಲಗೆಗೆ ಮೊದಲು ಹತ್ತುವುದು ಅದರ ಬೈಗುಳಗಳೇ ಎಂದು ಅನುಭವಸ್ಥರ ಅಂಬೋಣ. ರಷ್ಯದಲ್ಲಿ ವೈದ್ಯಶಾಸ್ತ್ರವನ್ನು ಓದಿ ಮರಳಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಾಗ ಈ ಮಾತಿಗೆ ಸಾಕ್ಷಿ ನುಡಿದ.

“ಅವರ ವ್ಯಾಕರಣದಲ್ಲಿ ಆರು ವಿಭಕ್ತಿ, ಸಾರ್. ಅವು ತಲೆಗೆ ಹತ್ತಲು ಎರಡು ವರ್ಷ ಬೇಕಾಯಿತು. ಬೈಗುಳಕ್ಕೆ ಎರಡು ವಾರ ಸಾಕಾಯಿತು!”

ಮೊದಲು ಸಾಧುವಾದವನ್ನೇ ನೋಡೋಣ. ಕೈಯ ಲೋಟ ಜಾರಿ ಬಿದ್ದರೆ ನಾವು ‘ಹಾಳಾದ್ದು!’ ಎನ್ನುವಂತೆ ರಷ್ಯನ್ನರು ‘ಬ್ಲಿನ್!’ ಎನ್ನುತ್ತಾರೆ. ಬ್ಲಿನ್ ಎಂದರೆ ನಮ್ಮ ದೋಸೆಯಂತೆ ಹಿಟ್ಟು ಹುಯ್ದು ಮಾಡುವ ತಿಂಡಿ. ಒಡೆದ ಲೋಟಕ್ಕೂ ದೋಸೆಗೂ ಏನು ನಂಟು? ಅಚ್ಚುಮಾಡಲಾಗದ ಶಬ್ದವೊಂದು ಇದೇ ಸದ್ದಿನಿಂದ ಮೊದಲಾಗುತ್ತದೆ. ಆ ಕಡೆಗೆ ಹೊರಟ ನಾಲಗೆಯನ್ನು ಅರ್ಧದಾರಿಯಲ್ಲಿ ಹಿಡಿದು ಅಡಿಗೆಮನೆಗೆ ತಿರುಗಿಸುವ ಉಪಾಯವಿದು. ಖಾರದ ಬೇರೊಂದರ ಹೆಸರಾದ ‘ಖ್ರೆನ್’ ಕೂಡ ಇಂಥದೇ ಮರೆಮಾತು. ಬೀದಿಯ ನುಡಿಯಲ್ಲಿ ಹಣವು ‘ಕಪೂಸ್ತ’, ಎಂದರೆ ಎಲೆಕೋಸು.

ಈ ಮರೆಯ ಹಿಂದಿರುವುದು ‘ಮಾತ್’. ಕೇಳಲು ನಮ್ಮ ಮಾತಿನಂತಿದ್ದರೂ ಅದು ಅಶ್ಲೀಲ ಬೈಗುಳದ ಹೆಸರು. ಅದರ ಮೂಲ ಧಾತುಗಳು ಬೆರಳೆಣಿಕೆಯಷ್ಟು; ಉಪಸರ್ಗ ಪ್ರತ್ಯಯಗಳು ಸೇರಿ ಹುಟ್ಟುವ ಶಬ್ದಗಳು ಲೆಕ್ಕವಿಲ್ಲದಷ್ಟು. ಇದು ಇಂದು ನಿನ್ನೆಯದೂ ಅಲ್ಲ. ನೋವ್‌ಗೊರೊದ್ ನಗರದಲ್ಲಿ 1951ರಿಂದ ನೆಲ ಅಗೆದು ತೆಗೆದ ಬರ್ಚ್ ಮರದ ತೊಗಟೆಯ ಓಲೆಗಳಲ್ಲಿ, 12ನೆಯ ಶತಮಾನದವುಗಳಲ್ಲಿಯೇ, ಇಂಥ ಶಬ್ದಗಳಿವೆ. ವ್ಲಾದಿಮಿರ್ ದಾಲನ ಹೆಸರಾಂತ ನಿಘಂಟಿಗೆ ಇವನ್ನು ಸೇರಿಸಿದವನು 1903ರಿಂದ 1909ರವರೆಗೆ ಅದನ್ನು ಪರಿಷ್ಕರಿಸಿದ ಬೊದುಯೆನ್ ದ ಕೂರ್ತೆನೆ ಎಂಬ ಪಂಡಿತ. 2014ರ ಜುಲೈ 1ರಂದು ಜಾರಿಗೆ ಬಂದ ಕಾನೂನು ಸಿನಿಮಾ, ನಾಟಕ, ಸಂಗೀತ ಸಭೆಗಳಿಂದ ಇವನ್ನು ಹೊರಹಾಕಿತು.

“ಆದರೆ ಸಾರ್, ನನ್ನನ್ನು ಕೆಡಿಸಿದ್ದು ಅವು ಯಾವುವೂ ಅಲ್ಲ, ಒಂದು ಹೋತ!” ಎಂದ ಹುಡುಗ.

ವಿದ್ಯಾರ್ಥಿನಿಲಯದ ಬಾಗಿಲು ಕಾಯುತ್ತಿದ್ದ ಮುದುಕ ಚಳಿಗಾಲದ ರಾತ್ರಿಗಳಲ್ಲಿ ಇವನಿಗೆ ಚಹ ಕೊಡುತ್ತಿದ್ದನಂತೆ. ಒಂದು ದಿನ ಆತ ತಮಾಷೆಗೆ ಇವನ ಟೊಪ್ಪಿಯನ್ನು ಬಚ್ಚಿಟ್ಟ. ಇವನು ನಗುತ್ತಲೇ, “ನೀನೊಬ್ಬ ಕಝ್ಯೋಲ್!” ಎಂದುಬಿಟ್ಟ. ಕಝ್ಯೋಲ್ ಎಂದರೆ ಹೋತ. ನಮ್ಮಲ್ಲಿ ಸಲಿಗೆಯಿಂದ ‘ಕತ್ತೆ’ ಎನ್ನುವುದಿಲ್ಲವೆ? ಮುದುಕನ ಮುಖ ಕಪ್ಪಿಟ್ಟಿತು. ಅಂದಿಗೆ ಚಹ ನಿಂತಿತು.

ಸಹಪಾಠಿಯೊಬ್ಬ ಆಮೇಲೆ ವಿವರಿಸಿದ. ಸೆರೆಮನೆಯ ನುಡಿಯಲ್ಲಿ ಕಝ್ಯೋಲ್ ಎಂದರೆ ಅಧಿಕಾರಿಗಳ ಜೊತೆಗೂಡಿ ಸಂಗಡಿಗ ಕೈದಿಗಳಿಗೆ ಎರಡೆಣಿಸುವವನು. ಅಲ್ಲಿ ಆ ಒಂದು ಮಾತಿಗೆ ನೆತ್ತರು ಹರಿಯಬಹುದು. ಸಾಲದುದಕ್ಕೆ ಹಿರಿಯನನ್ನು ‘ನೀನು’ ಎಂದದ್ದು ಬೇರೆ! ನಮ್ಮಂತೆ ರಷ್ಯನ್ನರಿಗೂ ‘ತಿ’, ‘ವಿ’ ಎಂದು ನೀನು, ನೀವುಗಳುಂಟು.

“ಆತ ಸೆರೆಮನೆ ಕಂಡವನೋ ಏನೋ, ಕೇಳುವ ಧೈರ್ಯವಾಗಲಿಲ್ಲ, ಸಾರ್. ‘ನೀವು’ ಎಂದೇ ಕ್ಷಮೆ ಬೇಡಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, ಎರಡು ಲೋಟಕ್ಕೆ ಚಹ ಸುರಿದ.”

ಬೈಗುಳದ ಅರ್ಥವನ್ನು ನಿಘಂಟು ತಿಳಿಸೀತು. ತೂಕವನ್ನು ಬಲ್ಲವರು ಅದನ್ನು ತಿಂದವರು ಮಾತ್ರ. ಪರದೇಶಕ್ಕೆ ಹೊರಟ ನಮ್ಮ ಮಕ್ಕಳು ಅಲ್ಲಿಯ ಬೈಗುಳಗಳನ್ನು ಕಿವಿಗೆ ಅಗತ್ಯವಾಗಿ ಕಲಿಸಲಿ. ನಾಲಗೆಗೆ ‘ಬ್ಲಿನ್’ ಒಂದೇ ಸಾಕು. ಅದೂ ಹಿರಿಯರು ಎದುರಿಗಿಲ್ಲದಾಗ!