ಝಳ ತಡೆಯಲಿ, ದಾರಿ ಬಿಡಲಿ: ವರಾಂಡದ ಬಾಗಿಲು ಹೀಗಿರಲಿ

ಮಕ್ತಲ್: ಮನೆ ಮುಂದಿನ ವರಾಂಡಕ್ಕೆ ತಗಡು ಹೊದಿಸಿ, ಸುತ್ತ ಗಾಜು ಕೂಡಿಸಿ ಮುಚ್ಚಿಬಿಟ್ಟರೆ ಅನುಕೂಲ ಬಹಳ. ಧೂಳು ಬರುವುದಿಲ್ಲ, ಮಳೆಯ ಇರಚಲಿಲ್ಲ, ಬಂದವರನ್ನು ಕೂಡಿಸಲು ಒಂದು ಕೋಣೆಯೂ ಸಿಕ್ಕಂತಾಯಿತು. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಕೃಷ್ಣಾ ಸೀಮೆಯಲ್ಲಿ ಮಧ್ಯಾಹ್ನವಾದರೆ ಅದೇ ವರಾಂಡ ಹಂಚಿನಂತೆ ಕಾಯುತ್ತದೆ. ಆ ಝಳ ಹಾಲ್‌ಗೆ ನುಗ್ಗದಂತೆ ತಡೆಯಬೇಕಾದದ್ದು ನಡುವಿನ ಬಾಗಿಲು.

ಅದೇ ಬಾಗಿಲು ಮನೆಯ ಹಿರಿಯರಿಗೆ ಹೊರಲೋಕದ ದಾರಿಯೂ ಹೌದು. ಎರಡು ಇಂಚಿನ ಹೊಸ್ತಿಲು ದಾಟಲಾಗದೆ ಅಜ್ಜಿ ಒಳಗೇ ಉಳಿದರೆ ಎಷ್ಟು ಬೆಲೆಯ ಬಾಗಿಲಿದ್ದರೇನು ಫಲ? ಹೀಗಾಗಿ ಬಾಗಿಲಿನ ಆಯ್ಕೆ ಕೆಳಗಿನಿಂದ, ಅಂದರೆ ಹೊಸ್ತಿಲಿನಿಂದ ಆರಂಭವಾಗಬೇಕು.

ಹೊಸ್ತಿಲಿನ ಕೆಲಸವೇನು?

ನೀರು, ಧೂಳು, ಹುಳುಹುಪ್ಪಟೆ ತಡೆಯುವುದು ಹೊಸ್ತಿಲಿನ ಕೆಲಸ. ವರಾಂಡ ಮುಚ್ಚಿದ ಮೇಲೆ ಈ ಕೆಲಸ ಹೊರಬಾಗಿಲಿಗೆ ಸೇರಿತು. ವರಾಂಡದ ನೆಲವನ್ನು ಹಾಲ್‌ನ ಮಟ್ಟಕ್ಕೇ ತಂದು, ನೀರು ಹೊರಗೆ ಹರಿಯುವಷ್ಟು ತುಸುವೇ ಇಳಿಜಾರು ಕೊಡುವಂತೆ ಗೌಂಡಿಗೆ ಮೊದಲೇ ಹೇಳಬೇಕು. ಕಲ್ಲು ಹಾಸಿದ ಮೇಲೆ ಹೇಳಿದರೆ ಒಡೆಯುವ ಖರ್ಚು ಬೇರೆ.

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರತಂದ ಪ್ರವೇಶ ಸೌಕರ್ಯದ ಮಾರ್ಗಸೂಚಿಯ ಪ್ರಕಾರ ಹೊಸ್ತಿಲು ಇರದಿದ್ದರೆ ಒಳ್ಳೆಯದು. ಇದ್ದರೂ 12 ಮಿಲಿಮೀಟರ್ ಮೀರಬಾರದು, ಅಂಚು ಇಳಿಜಾರಾಗಿರಬೇಕು. ಹಳೆಯ ಮನೆಯಲ್ಲಿ ಪೂಜೆ ಸಲ್ಲುವ ಹೊಸ್ತಿಲನ್ನು ತೆಗೆಯಲು ಮನಸ್ಸು ಒಪ್ಪದಿದ್ದರೆ ಎರಡೂ ಬದಿಗೆ ಮರದ ಇಳಿಜಾರು ಹಲಗೆ ಕೂಡಿಸಬಹುದು. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಎಂಬುದು ಲೆಕ್ಕ. ಎರಡು ಇಂಚಿನ ಹೊಸ್ತಿಲಿಗೆ ಬದಿಗೆ ಎರಡೆರಡು ಅಡಿ ಬೇಕು.

ಅಗಲದ ಲೆಕ್ಕ

ಬಾಗಿಲು ತೆರೆದಾಗ 900 ಮಿಲಿಮೀಟರ್ ದಾರಿ ಸಿಗಬೇಕೆಂಬುದು ಅದೇ ಮಾರ್ಗಸೂಚಿಯ ಅಳತೆ. ಇದು ಚೌಕಟ್ಟಿನ ಅಳತೆಯಲ್ಲ ಎಂಬುದನ್ನು ಗಮನಿಸಬೇಕು. ಮೂರಡಿ ಚೌಕಟ್ಟಿನಲ್ಲಿ ಎರಡು ಕಡೆಯ ಮರ, ಬಾಗಿಲಿನ ದಪ್ಪ ಕಳೆದರೆ ಗಾಲಿಕುರ್ಚಿ ಕಷ್ಟಪಟ್ಟು ನುಸುಳುವಷ್ಟೇ ಜಾಗ ಉಳಿಯುತ್ತದೆ. ಆದ್ದರಿಂದ ಬಡಿಗರಿಗೆ ಮೂರೂವರೆ ಅಡಿ ಚೌಕಟ್ಟು ಹೇಳುವುದು ಲೇಸು. ದುಂಡು ಹಿಡಿಗಿಂತ ಕೆಳಗೆ ಒತ್ತಿದರೆ ತೆರೆಯುವ ಉದ್ದ ಹಿಡಿಯೇ ನಡುಗುವ ಕೈಗಳಿಗೆ ಸುಲಭ.

ಯಾವ ಬಾಗಿಲು?

ಅಲ್ಯೂಮಿನಿಯಂ ನೋಡಲು ಚೆಂದ, ಆದರೆ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಒಳಗೆ ಸಾಗಿಸುತ್ತದೆ. ಮರ ಅಥವಾ ಯುಪಿವಿಸಿ ಚೌಕಟ್ಟು ಈ ವಿಷಯದಲ್ಲಿ ಮೇಲು. ಬೆಳಕಿಗಾಗಿ ಗಾಜು ಬೇಕೆನ್ನುವವರು ನಡುವೆ ಗಾಳಿ ತುಂಬಿದ ಜೋಡಿ ಗಾಜು ಹಾಕಿಸಿದರೆ, ಒಂಟಿ ಗಾಜಿಗಿಂತ ಶಾಖ ದಾಟುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಾಜು ಟಫನ್ಡ್ ಆಗಿರಲಿ, ಒಡೆದರೂ ಚೂಪಾದ ಚೂರುಗಳಾಗುವುದಿಲ್ಲ.

ಪಕ್ಕಕ್ಕೆ ಸರಿಯುವ ಬಾಗಿಲು ಜಾಗ ಉಳಿಸುತ್ತದೆ ನಿಜ. ಆದರೆ ಎದ್ದು ನಿಂತ ಕೆಳಗಿನ ಹಳಿ ಕಾಲಿಗೂ ಗಾಲಿಗೂ ಎಡರು. ಮೇಲಿನಿಂದ ತೂಗುವ ಬಾಗಿಲಿನಲ್ಲಿ ಆ ಎಡರಿಲ್ಲ, ಬದಲಿಗೆ ಸಂದಿಯಲ್ಲಿ ಬಿಸಿಗಾಳಿ ನುಗ್ಗುತ್ತದೆ. ತಿರುಗಣಿಯ ಬಾಗಿಲಿಗೆ ಮೂರು ಅಂಚಿಗೂ ರಬ್ಬರ್ ಪಟ್ಟಿ ಹಚ್ಚಿದರೆ ಒತ್ತಿ ಮುಚ್ಚಿಕೊಳ್ಳುತ್ತದೆ. ಹೊಸ್ತಿಲಿಲ್ಲದ ಕೆಳಸಂದಿಗೆ ಬಾಗಿಲು ಮುಚ್ಚಿದಾಗ ತಾನಾಗಿ ಇಳಿದು, ತೆರೆದಾಗ ಮೇಲೇಳುವ ಪಟ್ಟಿ ಸಿಗುತ್ತದೆ. ಅದು ದುಬಾರಿ ಎನಿಸಿದರೆ ಬ್ರಷ್ ಪಟ್ಟಿಯೂ ನಡೆಯುತ್ತದೆ.

ಬಾಗಿಲೊಂದರಿಂದಲೇ ಎಲ್ಲವೂ ಆಗದು

ಪಶ್ಚಿಮಕ್ಕೆ ಮುಖ ಮಾಡಿದ ವರಾಂಡದ ಗಾಜಿಗೆ ಹೊರಗಿನಿಂದ ನೆರಳು ಕೊಡದಿದ್ದರೆ ಯಾವ ಬಾಗಿಲೂ ಸೋಲುತ್ತದೆ. ಚಪ್ಪರವೋ ತಟ್ಟಿಯೋ ಇರಲಿ, ಬಿಸಿಲು ಗಾಜಿಗೆ ತಾಗುವ ಮೊದಲೇ ತಡೆಯಬೇಕು. ಎಸಿ ಇಲ್ಲದ ಮನೆಯಲ್ಲಿ ಹಗಲು ಬಾಗಿಲು ಮುಚ್ಚಿ, ಹೊತ್ತಿಳಿದು ಹೊರಗೆ ತಂಪಾದ ಮೇಲೆ ವರಾಂಡದ ಕಿಟಕಿ, ನಡುವಿನ ಬಾಗಿಲು ಎರಡನ್ನೂ ತೆರೆದಿಡುವುದು ಜಾಣತನ.

ಹಣ ಕಡಿಮೆಯಿದ್ದರೆ ಮೊದಲು ನೆಲದ ಮಟ್ಟ ಮತ್ತು ಅಗಲ ಸರಿಮಾಡಿಕೊಳ್ಳಬೇಕು. ಗಾಜು, ಪಟ್ಟಿಗಳನ್ನು ಮುಂದೆ ಎಂದಾದರೂ ಬದಲಿಸಬಹುದು. ಸಂಜೆ ಹೊತ್ತು ಯಾರ ಆಸರೆಯೂ ಇಲ್ಲದೆ ಅಜ್ಜಿ ವರಾಂಡಕ್ಕೆ ಬಂದು ಕೂತರೆ ಆ ಬಾಗಿಲಿಗೆ ಹಾಕಿದ ಹಣ ಸಾರ್ಥಕ.