ಕುರುಚಲು ಕಾಡು: ಪೊದೆಗಳು ಕಟ್ಟುವ ಲೋಕ

ಕರ್ನಾಟಕದ ಬಯಲುಸೀಮೆಯ ಕಲ್ಲುಗುಡ್ಡಗಳ ಮೇಲೆ ಆಳೆತ್ತರಕ್ಕೆ ಬೆಳೆದು ಹಬ್ಬಿರುವ ಮುಳ್ಳುಪೊದೆಗಳ ಕಾಡನ್ನು ಕುರುಚಲು ಕಾಡು ಎನ್ನುತ್ತಾರೆ. ಮಳೆ ಕಡಿಮೆ ಬೀಳುವ, ಮಣ್ಣು ತೆಳುವಾಗಿರುವ ಈ ನೆಲದಲ್ಲಿ ಕವಳೆ, ಬಾರೆ, ಕಾರೆ, ಬಂದರಿಕೆ, ತಂಗಡಿ ಮೊದಲಾದ ದೇಶೀ ಗಿಡಗಳು ನೀರು, ನೆರಳು, ಮಣ್ಣುಗಳನ್ನು ಹಂಚಿಕೊಂಡು ಒಂದರ ಆಸರೆಯಲ್ಲಿ ಇನ್ನೊಂದು ಬೆಳೆಯುತ್ತವೆ. ಹೀಗೆ ಒಟ್ಟಾಗಿ ಬಾಳುವ ಗಿಡಗಳ ಕೂಟವನ್ನು ಪರಿಸರ ವಿಜ್ಞಾನದಲ್ಲಿ ಸಸ್ಯ ಸಮುದಾಯ ಎಂದೂ, ಕಾಲಕ್ರಮದಲ್ಲಿ ಒಂದು ಸಮುದಾಯದ ಜಾಗಕ್ಕೆ ಮತ್ತೊಂದು ಬರುವುದನ್ನು ಸಸ್ಯ ಅನುಕ್ರಮ ಎಂದೂ ಕರೆಯುತ್ತಾರೆ.

ಈ ಅನುಕ್ರಮದಲ್ಲಿ ಬಂದರಿಕೆಯ ಪಾತ್ರ ದೊಡ್ಡದು. ಅದರ ಕಾಯಿಗಳಿಗೆ ಕಾಗದದಷ್ಟು ತೆಳುವಾದ ರೆಕ್ಕೆಗಳಿರುವುದರಿಂದ ಅವು ಗಾಳಿಯಲ್ಲಿ ತೇಲಿ, ಮಣ್ಣು ಕೊಚ್ಚಿಹೋದ ಇಳಿಜಾರುಗಳಲ್ಲೂ ಬೇರೂರುತ್ತವೆ. ಎಲೆಗಳ ಮೇಲಿನ ಅಂಟಿನ ಲೇಪ ನೀರು ಆವಿಯಾಗುವುದನ್ನು ತಗ್ಗಿಸುವುದಲ್ಲದೆ ಮೇಕೆಗಳನ್ನೂ ದೂರವಿಡುತ್ತದೆ. ಇಂಥ ಗಿಡಗಳು ಉದುರಿಸಿದ ತರಗು ಕೊಳೆತು ಮಣ್ಣು ಕೂಡಿಕೊಂಡ ಮೇಲೆ ಕವಳೆ, ಬಾರೆಗಳಿಗೆ ನೆಲೆ ಸಿಗುತ್ತದೆ. ಆ ಮುಳ್ಳುಪೊದೆಗಳ ನಡುವೆ ಮೊಳೆತ ಮರದ ಸಸಿಗೆ ಬಿಸಿಲಿನ ಝಳವೂ ತಾಗದು, ದನಕರುಗಳ ಬಾಯಿಯೂ ಎಟುಕದು. ಆದ್ದರಿಂದ ಅಂಥ ಪೊದೆಗಳನ್ನು ದಾದಿ ಸಸ್ಯಗಳೆಂದು ಗುರುತಿಸಲಾಗಿದೆ.

ಈ ನಡೆ ಹಿಮ್ಮುಖವೂ ಆಗಬಲ್ಲದು. ಸೌದೆಗಾಗಿ ಕಡಿಯುವುದು, ಮಿತಿಮೀರಿ ಮೇಯಿಸುವುದು, ಪದೇ ಪದೇ ಬೆಂಕಿ ಬೀಳುವುದು ಇವೆಲ್ಲ ಸೇರಿದಾಗ ಜಾನುವಾರುಗಳಿಗೆ ರುಚಿಸುವ ಗಿಡಗಳು ಮೊದಲು ಮರೆಯಾಗಿ, ಅವು ಬಾಯಿ ಹಾಕದ ತಂಗಡಿ, ಬಂದರಿಕೆಗಳಷ್ಟೇ ಉಳಿಯುತ್ತವೆ. ಹಾಗಾಗಿ ಗುಡ್ಡದ ತುಂಬ ಇವೆರಡೇ ಕಂಡರೆ ಅಲ್ಲಿ ಮೇಯಿಸುವ ಒತ್ತಡ ಹೆಚ್ಚಾಗಿದೆಯೆಂದು ಊಹಿಸಬಹುದು. ಇದಕ್ಕಿಂತ ಕಠಿಣವಾದ ಬದಲಾವಣೆ ತಂದಿರುವವು ಅಮೆರಿಕ ಖಂಡಗಳಿಂದ ಬಂದ ಲಂಟಾನ ಮತ್ತು ಬಳ್ಳಾರಿ ಜಾಲಿ. ಲಂಟಾನದ ಹಣ್ಣನ್ನು ಹಕ್ಕಿಗಳೂ ಜಾಲಿಯ ಕಾಯನ್ನು ದನ, ಕುರಿ, ಮೇಕೆಗಳೂ ತಿಂದು ಬೀಜ ಹರಡುತ್ತವೆ. ಕಡಿದರೂ ಎರಡೂ ಮತ್ತೆ ಚಿಗುರಿ ಒತ್ತಾಗಿ ಬೆಳೆಯುವುದರಿಂದ ಅವುಗಳ ಅಡಿಯಲ್ಲಿ ದೇಶೀ ಸಸಿಗಳು ಏಳುವುದೇ ಕಷ್ಟವಾಗಿ ಅನುಕ್ರಮ ಅಲ್ಲಿಗೇ ನಿಂತುಬಿಡುತ್ತದೆ.

ಹಂಪಿಗೆ ಸಮೀಪದ ದರೋಜಿಯ ಬಂಡೆಗುಡ್ಡಗಳನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಿದ ಮೇಲೆ ಇಂಥ ಕಾಡಿನ ಬೆಲೆ ಹಲವರ ಗಮನಕ್ಕೆ ಬಂತು. ಬಾರೆ, ಕವಳೆಯಂಥ ಹಣ್ಣುಗಳನ್ನು ತಿನ್ನುವ ಕರಡಿಗಳು ಬೀಜಗಳನ್ನು ದೂರದೂರಕ್ಕೆ ಒಯ್ದು ಕಾಡನ್ನು ಹಬ್ಬಿಸುತ್ತವೆ. ಹಳದಿ ಕತ್ತಿನ ಪಿಕಳಾರದಂಥ ಅಪರೂಪದ ಹಕ್ಕಿಗೂ ಇಂಥ ಗುಡ್ಡಗಳೇ ಆಸರೆ. ಇಷ್ಟಾದರೂ ಸರ್ಕಾರಿ ದಾಖಲೆಗಳಲ್ಲಿ ಎಷ್ಟೋ ಕುರುಚಲು ನೆಲ ಇಂದಿಗೂ ಪಾಳುಭೂಮಿಯ ಲೆಕ್ಕದಲ್ಲೇ ಸೇರಿದ್ದು, ಹಸಿರೀಕರಣದ ಹೆಸರಿನಲ್ಲಿ ನೀಲಗಿರಿಯಂಥ ಪರದೇಶದ ಮರಗಳನ್ನು ನೆಡುವುದಕ್ಕೂ ಗುರಿಯಾಗಿದೆ. ಇರುವ ಪೊದೆಗಳನ್ನು ಕೀಳದೆ ಉಳಿಸಿಕೊಂಡು, ಮೇಯಿಸುವುದಕ್ಕೆ ಮಿತಿ ಹಾಕಿ, ಹೊರಗಿನಿಂದ ಬಂದ ಕಳೆಯನ್ನಷ್ಟೇ ಎಚ್ಚರದಿಂದ ತೆಗೆದರೆ ಬಯಲುಸೀಮೆಯ ಗುಡ್ಡಗಳು ತಮ್ಮ ಕಾಡನ್ನು ತಾವೇ ಬೆಳೆಸಿಕೊಳ್ಳಬಲ್ಲವು. ಹೊಸ ಸಸಿ ನೆಡುವ ಮೊದಲು ಅಲ್ಲಿ ಈಗಾಗಲೇ ಬೆಳೆದಿರುವುದೇನೆಂದು ಗುರುತಿಸುವುದು ಅರಣ್ಯ ಇಲಾಖೆಯ ಮತ್ತು ಊರಿನವರ ಮೊದಲ ಕರ್ತವ್ಯವಾಗಬೇಕು.