ಭಾನುವಾರದ ತರಗತಿಗೆ ಯಾವ ಯಂತ್ರ ಬೇಕು?

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ದೊಡ್ಡ ಪರದೆಯ ಟೀವಿಯೊಂದನ್ನು ಕೊಳ್ಳಬೇಕೆಂಬ ಸೂಚನೆ ಕಾರ್ಯಕಾರಿ ಸಮಿತಿಯ ಮುಂದೆ ಬಂದಿದೆ. ಮಕ್ಕಳ ತಂದೆತಾಯಂದಿರಲ್ಲಿ ಹೆಚ್ಚಿನವರು ಇದಕ್ಕೆ ಅನುಕೂಲವಾಗಿದ್ದಾರೆ. ಇಂಗ್ಲಿಷ್ ಶಾಲೆಗಳ ಗೋಡೆಗೆ ಪರದೆ ಬಂದು ಎಷ್ಟೋ ಕಾಲವಾಯಿತು, ಕನ್ನಡಕ್ಕೆ ಮಾತ್ರ ಇನ್ನೂ ಸೀಮೆಸುಣ್ಣವೇ ಗತಿಯೇ ಎಂದು ಅವರು ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯವೂ ಇದೆ. ಅರ್ಧ ಹಣ ಕೊಡುವುದಾಗಿ ಹೇಳಿರುವ ಮಹನೀಯರೂ ಇದ್ದಾರೆ. ಇಂತಹ ಹೊತ್ತಿನಲ್ಲಿ ‘ಸ್ವಲ್ಪ ತಾಳಿ’ ಎನ್ನುವವನಿಗೆ ಹಳೆಯ ಕಾಲದವನೆಂಬ ಹೆಸರು ಬರುವುದು ಸಹಜ. ನಾನು ಯಂತ್ರದ ವಿರೋಧಿಯಲ್ಲ. ಸರ್ಕಾರಿ ಕಚೇರಿಯ ಗುಮಾಸ್ತೆ; ದಿನವೆಲ್ಲ ಕಂಪ್ಯೂಟರಿನ ಮುಂದೆಯೇ ಕುಳಿತು ಅನ್ನ ಸಂಪಾದಿಸುವವನು. ಆರು ವರ್ಷಗಳಿಂದ ಪುಣೆಯ ಈ ತರಗತಿಯಲ್ಲಿ ಪಾಠ ಹೇಳುತ್ತಿರುವುದರಿಂದ, ಯಾವ ಯಂತ್ರ ಮಗುವಿನ ಬಾಯಿ ತೆರೆಸುತ್ತದೆ, ಯಾವುದು ಮುಚ್ಚಿಸುತ್ತದೆ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದೆ. ಅಷ್ಟನ್ನು ಹೇಳಬೇಕೆಂದಿದ್ದೇನೆ.

ಮೊದಲು ಒಂದು ಲೆಕ್ಕ. ಲೆಕ್ಕವಿಲ್ಲದೆ ಗುಮಾಸ್ತೆಗೆ ಮಾತು ಹೊರಡುವುದಿಲ್ಲ. ತರಗತಿಯಲ್ಲಿ 20 ಮಕ್ಕಳು. ಸಮಯ 60 ನಿಮಿಷ. ಮೇಷ್ಟರು ಒಂದೇ ಒಂದು ಮಾತನ್ನೂ ಆಡದೆ ಸುಮ್ಮನೆ ಕುಳಿತರೂ ಒಂದು ಮಗುವಿನ ಪಾಲಿಗೆ ಬರುವುದು 3 ನಿಮಿಷ. ಗಣೇಶೋತ್ಸವ, ದೀಪಾವಳಿ, ಶಾಲೆಯ ಪರೀಕ್ಷೆ, ಬೇಸಗೆಯ ರಜೆ ಇವುಗಳನ್ನು ಕಳೆದರೆ ವರ್ಷಕ್ಕೆ 40 ಭಾನುವಾರ ಉಳಿದರೆ ಪುಣ್ಯ. ಎಂದರೆ ವರ್ಷವಿಡೀ ಒಂದು ಮಗು ತರಗತಿಯಲ್ಲಿ ಕನ್ನಡ ಮಾತನಾಡುವ ಕಾಲ ಹೆಚ್ಚೆಂದರೆ 120 ನಿಮಿಷ, ಒಂದು ಸಿನಿಮಾ ನೋಡುವಷ್ಟು ಹೊತ್ತು. ಮೇಷ್ಟರು ಸುಮ್ಮನೆ ಕೂರುವವರಲ್ಲವಾದ್ದರಿಂದ ಅದೂ ಇಲ್ಲ. ಹಾಗಾಗಿ ಯಾವ ಉಪಕರಣ ಬಂದರೂ ನಾನು ಕೇಳುವುದು ಒಂದೇ: ಈ ಎರಡು ಗಂಟೆಯನ್ನು ಇದು ಹಿಗ್ಗಿಸುತ್ತದೆಯೇ, ಕುಗ್ಗಿಸುತ್ತದೆಯೇ?

ನಮ್ಮ ಮಕ್ಕಳ ಸ್ಥಿತಿಯನ್ನೂ ನೋಡಬೇಕು. ಸೊಲ್ಲಾಪುರದ ಕಡೆ, ಮುಂಬಯಿಯಲ್ಲಿ ಕನ್ನಡ ಶಾಲೆಗಳಿವೆ. ಆದರೆ ಪುಣೆಯ ನಮ್ಮ ಮಕ್ಕಳು ಹೋಗುವುದು ಇಂಗ್ಲಿಷ್ ಶಾಲೆಗೆ. ಮಹಾರಾಷ್ಟ್ರದಲ್ಲಿ 2020ರ ಕಾನೂನಿನ ಮೇರೆಗೆ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಹೀಗೆ ರೋಮನ್ ಲಿಪಿ, ದೇವನಾಗರಿ ಇವೆರಡೂ ಕೈಗೆ ಕುಳಿತ ಮೇಲೆ ಕನ್ನಡ ಬರುತ್ತದೆ, ಕೊನೆಯ ಪಂಕ್ತಿಗೆ ಊಟಕ್ಕೆ ಬಂದವರಂತೆ. ಊರಿಗೊಂದು ತೊಡಕು ಬೇರೆ. ನಮ್ಮ ಪುಣೆಯ ಮಕ್ಕಳಿಗೆ ‘ಳ’, ‘ಣ’ ನೀರು ಕುಡಿದಷ್ಟು ಸುಲಭ, ಮರಾಠಿಯಲ್ಲಿ ಅವೆರಡೂ ಇವೆಯಲ್ಲ! ಆದರೆ ‘ಎ’ ಮತ್ತು ‘ಏ’, ‘ಒ’ ಮತ್ತು ‘ಓ’ ಇವುಗಳ ಭೇದ ಮರಾಠಿಯಲ್ಲಿಲ್ಲ. ನಮ್ಮ ಹುಡುಗನೊಬ್ಬ ‘ನಮ್ಮ ಅಜ್ಜನ ಊರಿನಲ್ಲಿ ದೊಡ್ಡ ಕೆರೆ ಇದೆ’ ಎಂದು ಓದಬೇಕಾದದ್ದನ್ನು ‘ದೊಡ್ಡ ಕೇರೆ ಇದೆ’ ಎಂದು ಓದಿ ಅಜ್ಜನ ಊರಿಗೆ ಹಾವು ಬಿಟ್ಟ. ದಿಲ್ಲಿಯ ಮಕ್ಕಳಿಗೆ ಈ ತೊಡಕಿನ ಜೊತೆಗೆ ‘ಳ’ದ ತೊಡಕೂ ಸೇರುತ್ತದೆ. ಚೆನ್ನೈಯವರಿಗೆ ಹ್ರಸ್ವ ದೀರ್ಘಗಳೂ ‘ಳ’ವೂ ಬರುತ್ತವೆ, ಆದರೆ ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಹೈದರಾಬಾದಿನವರು ಭಾಗ್ಯವಂತರು, ತೆಲುಗಿನ ಲಿಪಿ ನಮ್ಮದಕ್ಕೆ ಒಡಹುಟ್ಟಿದ್ದು, ಸ್ವರಗಳೂ ಹಾಗೆಯೇ.

ಇಂತಹ ತೊಡಕುಗಳಿಗೆ ಪರದೆಯ ಮೇಲಿನ ಬಣ್ಣದ ಚಿತ್ರಗಳಿಂದ ಉಪಕಾರ ಕಡಿಮೆ. ಉಪಕಾರವಾಗುವುದು ಎಲ್ಲರ ಜೇಬಿನಲ್ಲೂ ಇದ್ದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಾಧನದಿಂದ. ಅದೇ ಫೋನಿನೊಳಗಿನ ಧ್ವನಿಮುದ್ರಕ. ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿ, ಮರುವರ್ಷ ಅಮೆರಿಕದ ಪತ್ರಿಕೆಯೊಂದರಲ್ಲಿ ಅದರ ಮುಂದಿನ ಉಪಯೋಗಗಳನ್ನು ಪಟ್ಟಿ ಮಾಡಿದ. ಸಂಗೀತ ಮಾತ್ರವಲ್ಲ, ಉಚ್ಚಾರಣೆಯ ಪಾಠ, ಭಾಷೆಗಳನ್ನು ಉಳಿಸಿಕೊಳ್ಳುವುದು, ಮನೆಯ ಹಿರಿಯರ ಮಾತನ್ನು ಅವರ ದನಿಯಲ್ಲೇ ಕಾಪಾಡಿಕೊಳ್ಳುವುದು, ಇವೆಲ್ಲ ಆ ಪಟ್ಟಿಯಲ್ಲಿದ್ದವು. ಹೊರನಾಡ ಕನ್ನಡಿಗರಿಗಾಗಿಯೇ ಬರೆದನೋ ಎನ್ನುವಂತಿದೆ.

ನಾವು ಮಾಡುವುದು ಇಷ್ಟು. ಮಗು ಮನೆಯಲ್ಲಿ ದಿನಕ್ಕೆ ಎರಡು ನಿಮಿಷ ಓದಬೇಕು ಅಥವಾ ಮಾತನಾಡಬೇಕು, ಮುದ್ರಿಸಿಕೊಳ್ಳಬೇಕು, ಆಮೇಲೆ ತಾನೇ ಕೇಳಬೇಕು. ಕೇಳುವುದೇ ಮುಖ್ಯ. ನಮ್ಮ ದನಿ ನಮಗೆ ತಲೆಯ ಎಲುಬಿನ ಮೂಲಕವೂ ಕೇಳಿಸುವುದರಿಂದ ಹೊರಗಿನವರಿಗೆ ಕೇಳುವಂತೆ ನಮಗೆ ಕೇಳುವುದಿಲ್ಲ. ಯಂತ್ರದಿಂದ ಕೇಳಿದಾಗ ಅದು ಪರರ ದನಿಯಾಗುತ್ತದೆ. ಪರರ ತಪ್ಪು ಹಿಡಿಯುವುದರಲ್ಲಿ ಯಾವ ಮಗುವೂ ಹಿಂದೆಬೀಳುವುದಿಲ್ಲ! ಮೇಷ್ಟರು ಹತ್ತು ಸಲ ತಿದ್ದಿದರೂ ಸರಿಹೋಗದ ‘ಕೆರೆ’ ಎರಡು ಸಲ ಕೇಳಿಕೊಂಡ ಮೇಲೆ ತಾನಾಗಿ ಸರಿಹೋದದ್ದನ್ನು ಕಂಡಿದ್ದೇನೆ. ವಾರದಲ್ಲಿ ಆರು ದಿನ, ದಿನಕ್ಕೆ ಎರಡು ನಿಮಿಷ. ಒಟ್ಟು 12 ನಿಮಿಷ. ತರಗತಿಯ ಮೂರು ನಿಮಿಷಕ್ಕೆ ಇದು ನಾಲ್ಕು ಪಟ್ಟು. ವಾರಕ್ಕೆ ಒಂದು ಮುದ್ರಣವನ್ನು ನನಗೆ ಕಳಿಸಬೇಕು. ಕಚೇರಿಗೆ ಹೋಗುವ ಬಸ್ಸಿನಲ್ಲಿ ಕೇಳುತ್ತೇನೆ. ಪಕ್ಕದಲ್ಲಿ ಕುಳಿತವರು ನಾನು ಹಾಡು ಕೇಳುತ್ತಿದ್ದೇನೆಂದು ತಿಳಿಯುತ್ತಾರೆ.

ಇದರಲ್ಲಿ ಇನ್ನೊಂದು ತಮಾಷೆಯುಂಟು. ‘ಆಡಾಸಿಟಿ’ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಮುದ್ರಿಸಿದರೆ ದನಿಯ ಚಿತ್ರ ಅಲೆಗಳಾಗಿ ಪರದೆಯ ಮೇಲೆ ಕಾಣುತ್ತದೆ. ‘ಕತೆ’ ಎನ್ನಿ, ‘ಕತ್ತೆ’ ಎನ್ನಿ. ಎರಡು ಸ್ವರಗಳ ನಡುವೆ ನಾಲಿಗೆ ಹಲ್ಲಿಗೆ ತಾಗಿ ಉಸಿರು ನಿಂತಾಗ ಅಲೆಯೂ ನಿಂತು ಖಾಲಿ ಜಾಗ ಬೀಳುತ್ತದೆ. ‘ಕತೆ’ಯಲ್ಲಿ ಆ ಜಾಗ ಸಣ್ಣದು, ‘ಕತ್ತೆ’ಯಲ್ಲಿ ದೊಡ್ಡದು. ಒತ್ತಕ್ಷರವೆಂದರೆ ಬಾಯಲ್ಲಿ ಏನು ನಡೆಯುತ್ತದೆಂಬುದು ಕಣ್ಣಿಗೇ ಕಂಡ ಹಾಗಾಯಿತು. ಆ ದಿನ ಮಕ್ಕಳು ‘ಕಾಕಾ, ನನ್ನ ಕತ್ತೆ ಎಷ್ಟು ದೊಡ್ಡದು ನೋಡಿ’ ಎಂದು ಸಾಲುಗಟ್ಟಿ ನಿಂತಿದ್ದರು.

ಮಾತಿನದು ಹೀಗಾದರೆ ಬರವಣಿಗೆಯದು ಬೇರೆ ಕತೆ. ನಮ್ಮ ಮನೆಗಳಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸುವುದು ರೂಢಿಯಾಗಿಬಿಟ್ಟಿದೆ. ಗದಗದಿಂದ ಸೋದರಮಾವ ‘ಈ ವರ್ಷ ಬಿ-ಇ-ಎಲ್-ಇ ಚೆನ್ನಾಗಿದೆ’ ಎಂದು ಬರೆದರೆಂದುಕೊಳ್ಳಿ. ಬೆಳೆ ಚೆನ್ನಾಗಿದೆಯೇ, ಬೆಲೆ ಚೆನ್ನಾಗಿದೆಯೇ, ಬೇಳೆ ಚೆನ್ನಾಗಿದೆಯೇ? ಒಕ್ಕಲುತನ ಬಲ್ಲವರಿಗೆ ಮೊದಲನೆಯದೂ ಎರಡನೆಯದೂ ಒಂದೇ ವರ್ಷ ಬರುವುದು ಅಪರೂಪವೆಂದು ಗೊತ್ತು. ಮಗುವಿಗೆ ಏನು ಗೊತ್ತು? ಫೋನಿನ ಕೀಲಿಮಣೆ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಇಂಗ್ಲಿಷಿನಲ್ಲಿ ಒತ್ತುತ್ತ ಹೋದರೆ ಕನ್ನಡದ ಪದಗಳನ್ನು ತಾನೇ ಸಾಲಾಗಿ ಮುಂದಿಡುತ್ತದೆ. ಓದಲು ಬರುವವನಿಗೆ ಅದು ಅನುಕೂಲವೇ ಸರಿ. ಆದರೆ ಕಲಿಯುವ ಮಗು ಮೊದಲು ಕಂಡದ್ದನ್ನು ಮುಟ್ಟಿ ಮುಂದೆ ಹೋಗುತ್ತದೆ. ಕನ್ನಡದ ಒಂದಕ್ಷರವನ್ನೂ ನೆನೆಯದೆ ಒಂದು ಪುಟ ಕನ್ನಡ ಬರೆದು ಮುಗಿಸುತ್ತದೆ.

ಇದಕ್ಕೆ ಪ್ರತಿಯಾಗಿ ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನು ನೋಡಿ. ಮುಂಬಯಿಯಲ್ಲಿದ್ದು ಅಚ್ಚಿನ ಅಕ್ಷರಗಳ ಕೆಲಸ ಮಾಡಿದ, ಕರಾವಳಿಯ ಕಿನ್ನಿಕಂಬಳದವರಾದ ಈ ಹಿರಿಯರು, ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಕನ್ನಡವನ್ನೆಲ್ಲ ಅಡಕಮಾಡಿದರು. ಕರ್ನಾಟಕ ಸರ್ಕಾರ ಅದನ್ನೇ ಪ್ರಮಾಣವೆಂದು ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಇರುವುದು ಅದೇ. ಅಲ್ಲಿ ಸಣ್ಣ ‘ಎಲ್’ ಒತ್ತಿದರೆ ಲ, ದೊಡ್ಡದನ್ನು ಒತ್ತಿದರೆ ಳ. ಸಣ್ಣ ‘ಇ’ ಹ್ರಸ್ವ, ದೊಡ್ಡ ‘ಇ’ ದೀರ್ಘ. ಬೆಲೆ, ಬೆಳೆ, ಬೇಳೆ ಮೂರಕ್ಕೂ ನಾಲ್ಕು ನಾಲ್ಕೇ ಒತ್ತು, ಆದರೆ ಮೂರೂ ಬೇರೆ ಬೇರೆ. ‘ಕತ್ತೆ’ ಬರೆಯಬೇಕಾದರೆ ಕ, ತ, ನಡುವೆ ಕೊಂಡಿಯ ಕೀಲಿ, ಮತ್ತೊಂದು ತ, ಕೊನೆಗೆ ಎ. ತಕಾರ ಎರಡಿವೆಯೆಂಬುದನ್ನು ಬೆರಳೇ ಕಲಿಯುತ್ತದೆ. ಯಂತ್ರ ಇಲ್ಲಿ ಮಗುವಿನ ಪರವಾಗಿ ಊಹಿಸುವುದಿಲ್ಲ. ಮಗು ಹೇಳಿದ್ದನ್ನು ಮಾತ್ರ ಬರೆಯುತ್ತದೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ದಲ್ಲಿಯೂ ಈ ಸಣ್ಣದು ದೊಡ್ಡದರ ಭೇದವಿದೆ. ಕೈಬರಹಕ್ಕೆ ಇದು ಬದಲಿಯಲ್ಲ, ಕಾಪಿಪುಸ್ತಕ ಇರಲೇಬೇಕು. ಆದರೆ ಕಾಪಿಪುಸ್ತಕವನ್ನು ಕಂಡರೆ ಓಡಿಹೋಗುವ ಹನ್ನೆರಡು ವರ್ಷದ ಹುಡುಗ ಕೀಲಿಮಣೆಯ ಮುಂದೆ ಅರ್ಧ ಗಂಟೆ ಕೂರುತ್ತಾನೆ.

ಮಾತನಾಡಿದರೆ ತಾನೇ ಬರೆದುಕೊಳ್ಳುವ ಸೌಕರ್ಯ ಫೋನಿನಲ್ಲಿ ಕನ್ನಡಕ್ಕೆ 2017ರಲ್ಲಿ ಬಂತು. ಅಕ್ಷರ ಬಾರದ ಅಜ್ಜಿಯರಿಗೆ ಅದು ವರವೇ. ಆದರೆ ತರಗತಿಯಲ್ಲಿ ಪರೀಕ್ಷಕನ ಸ್ಥಾನಕ್ಕೆ ಅದು ತಕ್ಕದ್ದಲ್ಲ. ಅದು ಬಹಳ ದಾಕ್ಷಿಣ್ಯದ ಯಂತ್ರ: ವಾಕ್ಯದ ಅಂದಾಜು ಹಿಡಿದು, ತಪ್ಪಾಗಿ ಹೇಳಿದ್ದನ್ನೂ ಸರಿಯಾಗಿ ಬರೆದುಬಿಡುತ್ತದೆ. ಅನುವಾದದ ಯಂತ್ರವೂ ಹಾಗೆಯೇ. ಗೂಗಲ್ ಅನುವಾದಕ್ಕೆ 2011ರಲ್ಲಿ ಕನ್ನಡ ಸೇರಿತು. ಈಗ ಅದರ ಕನ್ನಡ ಎಷ್ಟೋ ನಯವಾಗಿದೆ. ಆದರೆ ಇಂಗ್ಲಿಷಿನ ‘ಅಂಕಲ್’ ದೊಡ್ಡಪ್ಪನೋ, ಚಿಕ್ಕಪ್ಪನೋ, ಸೋದರಮಾವನೋ ಎಂದು ಅದಕ್ಕೆ ಯಾರು ಹೇಳಬೇಕು? ತಮ್ಮನಿಗೆ ‘ನೀನು’, ಅತ್ತೆಗೆ ‘ನೀವು’ ಎಂಬುದು ಮನೆಯ ತಿಳಿವಳಿಕೆ. ಮನೆಪಾಠವನ್ನು ಅನುವಾದಿಸಿ ತಂದ ಮಗು ಯಾರೆಂದು ನನಗೆ ಈ ಗುರುತಿನಿಂದಲೇ ಗೊತ್ತಾಗುತ್ತದೆ. ನಿಘಂಟು ನೋಡುವುದು ಬೇರೆ ಮಾತು. ವಿ. ಕೃಷ್ಣ ಅವರು ವರ್ಷಾನುಗಟ್ಟಲೆ ದುಡಿದು ಸಿದ್ಧಪಡಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಅದನ್ನು ಮಕ್ಕಳು ಧಾರಾಳವಾಗಿ ಬಳಸಲಿ.

ಎಲ್ಲಕ್ಕಿಂತ ಹೆಚ್ಚು ಫಲ ಕಂಡದ್ದು ಊರಿನ ಹಿರಿಯರನ್ನೇ ತರಗತಿಗೆ ಕರೆತಂದದ್ದರಿಂದ. ವಾರಕ್ಕೊಂದು ಪ್ರಶ್ನೆ ಕೊಡುತ್ತೇನೆ. ಮಗು ಊರಿಗೆ ಫೋನು ಮಾಡಿ, ಕೇಳಿ, ಉತ್ತರವನ್ನು ಮುದ್ರಿಸಿಕೊಂಡು ಬರಬೇಕು. ಅದುವರೆಗೆ ಅಜ್ಜಿಯ ಫೋನು ಬಂದರೆ ‘ಹೂಂ, ಆರಾಮ’ ಎಂದು ಎರಡು ಪದ ಹೇಳಿ ಅಪ್ಪನ ಕೈಗೆ ಕೊಟ್ಟು ಓಡುತ್ತಿದ್ದ ಮಕ್ಕಳಿಗೆ ಮಾತಿಗೊಂದು ನೆವ ಸಿಕ್ಕಿತು. ‘ಮಳೆ ಬಂದಾಗ ನಿಮ್ಮ ಊರಿನಲ್ಲಿ ಏನೇನಾಗುತ್ತದೆ?’ ಎಂಬ ಪ್ರಶ್ನೆಗೆ ಧಾರವಾಡದ ಅಜ್ಜಿ ‘ಮಳಿ’ ಎಂದರು, ಮೈಸೂರಿನವರು ‘ಮಳೆ’ ಎಂದರು, ಮಂಗಳೂರಿನ ಕಡೆಯವರು ‘ಎಂತ ಆಗುವುದು ಮಾರಾಯ’ ಎಂದು ಶುರುಮಾಡಿದರು. ಮಕ್ಕಳು ಮೊದಲು ನಕ್ಕರು. ಆಮೇಲೆ, ಇದು ಯಾವುದೂ ತಪ್ಪಲ್ಲ, ನಮ್ಮ ಮನೆಯ ಕನ್ನಡವೂ ಇದರಲ್ಲಿ ಒಂದು ಎಂಬುದು ಅವರಿಗೆ ಹೊಳೆಯಿತು. ‘ನಿನ್ನದು ಪುಸ್ತಕದ ಕನ್ನಡವಲ್ಲ’ ಎಂದು ಯಾರೋ ನಕ್ಕದ್ದಕ್ಕೇ ಬಾಯಿ ಮುಚ್ಚಿಕೊಂಡಿದ್ದ ಹುಡುಗಿಯೊಬ್ಬಳು ಅಂದಿನಿಂದ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡುತ್ತಾಳೆ. ಸುಮ್ಮನಿರಿಸುವುದು ಈಗ ನನ್ನ ಪಾಡು.

ಕಳೆದ ದೀಪಾವಳಿಗೆ ಮೊದಲು ನಮ್ಮ ಹುಡುಗನೊಬ್ಬನ ಅಜ್ಜ ತೀರಿಕೊಂಡರು. ವಿಜಯಪುರ ಜಿಲ್ಲೆಯವರು. ಎಳ್ಳ ಅಮಾವಾಸ್ಯೆಯ ದಿನ ಹೊಲದ ಸುತ್ತ ಚರಗ ಚೆಲ್ಲುವುದು ಹೇಗೆ ಎಂದು ಮೊಮ್ಮಗ ಕೇಳಿದ್ದಕ್ಕೆ ಅವರು ಹೇಳಿದ್ದ ಎರಡು ನಿಮಿಷದ ಮಾತು ನನ್ನ ಫೋನಿನಲ್ಲಿತ್ತು. ನಡುವೆ ಎತ್ತಿನ ಕೊರಳ ಗಂಟೆಯ ಸದ್ದಿದೆ, ಒಂದು ಕೆಮ್ಮಿದೆ, ‘ಮುಂದಿನ ವರ್ಷ ನೀನೇ ಬಾರಪ್ಪಾ, ತೋರಸ್ತೀನಿ’ ಎಂಬ ಮಾತಿದೆ. ಹುಡುಗನ ತಂದೆ ಅದನ್ನು ಕೇಳಿ ತರಿಸಿಕೊಂಡರು. ಅವರ ಬಳಿ ಮದುವೆ ಮುಂಜಿಗಳ ವಿಡಿಯೋ ಬೇಕಾದಷ್ಟಿವೆಯಂತೆ. ಅಜ್ಜ ನಿಂತು ಮಾತನಾಡಿದ್ದು ಒಂದರಲ್ಲೂ ಇಲ್ಲವಂತೆ.

ಇನ್ನು ಪರದೆಯ ವಿಷಯ. ಅಕ್ಷರ ಬರೆಯುವ ಸುಳಿಯನ್ನು ತೋರಿಸುವುದಕ್ಕೆ, ವರ್ಷಕ್ಕೊಮ್ಮೆ ಒಳ್ಳೆಯ ನಾಟಕವನ್ನೋ ಚಿತ್ರವನ್ನೋ ಒಟ್ಟಿಗೆ ನೋಡುವುದಕ್ಕೆ ಅದು ಒಳ್ಳೆಯದೇ. ಅಂತಹ ದಿನಕ್ಕೆ ಒಂದು ಪ್ರೊಜೆಕ್ಟರನ್ನು ಬಾಡಿಗೆಗೆ ತಂದರೆ ಸಾಕು. ಪ್ರತಿ ವಾರವೂ ಅದು ಗೋಡೆಯ ಮೇಲಿದ್ದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಮೇಷ್ಟರಿಗೆ ದಣಿವಾದ ದಿನ ಪದ್ಯದ ವಿಡಿಯೋ ಹಾಕುತ್ತಾರೆ, ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಆ ತೆರೆದ ಬಾಯಿಂದ ಮಾತು ಮಾತ್ರ ಹೊರಡುವುದಿಲ್ಲ. ಮೂರು ನಿಮಿಷ ಒಂದಾಗುತ್ತದೆ.

ಆದ್ದರಿಂದ ಸಮಿತಿಗೆ ನನ್ನ ವಿನಂತಿ ಇದು. ಅದೇ ಹಣದಲ್ಲಿ ಒಂದು ಒಳ್ಳೆಯ ಸ್ಪೀಕರು, ಒಂದು ಮೈಕು, ಬಳಸಿದ್ದಾದರೂ ಚಿಂತೆಯಿಲ್ಲದ ಎರಡು ಲ್ಯಾಪ್‌ಟಾಪು, ಹಿರಿಯರ ಮುದ್ರಣಗಳನ್ನು ಜೋಪಾನವಾಗಿಡಲು ಒಂದು ಹಾರ್ಡ್ ಡಿಸ್ಕು ಇವಿಷ್ಟನ್ನು ತೆಗೆದುಕೊಡಲಿ. ಲ್ಯಾಪ್‌ಟಾಪಿಗೆ ‘ನುಡಿ’ ಹಾಕಿಕೊಡುವ ಕೆಲಸ ನನ್ನದು. ಮುದ್ರಣಗಳಿಗೆ ಊರು, ತಾಲ್ಲೂಕು, ಹೇಳಿದವರ ವಯಸ್ಸು, ತಾರೀಖು ಇವನ್ನು ಬರೆದಿಡಬೇಕು. ಹೇಳಿದವರ ಒಪ್ಪಿಗೆಯಿಲ್ಲದೆ ಮನೆಯ ಹೊರಗೆ ಹಂಚಬಾರದು. ತಾಯಂದಿರಲ್ಲಿ ಯಾರಾದರೂ ಈ ಪಟ್ಟಿಯ ಹೊಣೆ ಹೊತ್ತುಕೊಂಡರೆ ಉಪಕಾರವಾಗುತ್ತದೆ. ಮರಾಠಿ ಮನೆಮಾತಿನ ತಾಯಂದಿರೂ ಬರಬಹುದು. ಕಳೆದ ಸಲ ನನಗಿಂತ ಚೆನ್ನಾಗಿ ಪಟ್ಟಿ ಮಾಡಿದವರು ಅಂತಹವರೊಬ್ಬರೇ.

ಹೊಸ ಪಾಠಗಳು ಮುಂದಿನ ತಿಂಗಳ ಮೊದಲ ಭಾನುವಾರ ಆರಂಭವಾಗುತ್ತವೆ. ಮನೆಯ ಒಂದು ಫೋನಿನಲ್ಲಾದರೂ, ಇಂಗ್ಲಿಷಿನಿಂದ ಊಹಿಸುವ ಕೀಲಿಮಣೆಗೆ ಬದಲು ಕನ್ನಡದ ಅಕ್ಷರಗಳೇ ಕಾಣುವ ಕೀಲಿಮಣೆಯನ್ನು ಹಾಕಿಕೊಂಡು ಬರಬೇಕಾಗಿ ಪ್ರಾರ್ಥನೆ. ಮೊದಲ ವಾರದ ಪ್ರಶ್ನೆ: ನಿಮ್ಮ ಅಜ್ಜಿ ಚಿಕ್ಕವರಾಗಿದ್ದಾಗ ಮನೆಗೆ ನೀರನ್ನು ಎಲ್ಲಿಂದ ತರುತ್ತಿದ್ದರು, ಯಾವುದರಲ್ಲಿ ತರುತ್ತಿದ್ದರು?